ಚಿಪ್‌ನ ದಾಖಲೆ ಬಚ್ಚಿಟ್ಟರೆ ಡ್ರೈವರ್ ಬರೆಯುವುದು ಹೇಗೆ?

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಹಾಗೆಂದು ನಮ್ಮ ಶಾಲೆ, ಸಹಕಾರಿ ಸಂಘಗಳ ಹಳೆಯ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕಬೇಕಿಲ್ಲ. ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿದರೆ ಇನ್ನೂ ದುಡಿಯುತ್ತವೆ. ತಲಪಾಡಿ ದಾಟಿದರೆ ಕಾಸರಗೋಡಿನ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುವುದೇ ಅದರಲ್ಲಿ. ಇಲ್ಲಿ ತೊಡಕಾಗುವುದು ಹೆಚ್ಚಾಗಿ ವೈಫೈ ಡಾಂಗಲ್ ಮತ್ತು ಪ್ರಿಂಟರ್‌ಗಳು, ಏಕೆಂದರೆ ಎಷ್ಟೋ ತಯಾರಕರು ಅವುಗಳೊಳಗಿನ ಚಿಪ್‌ನ ತಾಂತ್ರಿಕ ದಾಖಲೆಯನ್ನು ಹೊರಗೆ ಬಿಡುವುದಿಲ್ಲ.

ಇಂಥ ಸಾಧನವನ್ನು ಕಂಪ್ಯೂಟರ್ ನಡೆಸಲು ಬೇಕಾದ ತಂತ್ರಾಂಶವೇ ಡ್ರೈವರ್. ಅದನ್ನು ಬರೆಯುವವರು ಚಿಪ್‌ನ ಒಳವಿನ್ಯಾಸ ಕೇಳುತ್ತಿಲ್ಲ. ಚಿಪ್ ನಿಯಂತ್ರಿಸುವ ಯಾವ ರಿಜಿಸ್ಟರಿನ (ಚಿಪ್‌ನೊಳಗಿನ ಪುಟ್ಟ ಸ್ಮೃತಿಕೋಶ) ಯಾವ ಬಿಟ್ ಏನು ಮಾಡುತ್ತದೆ, ಚಾಲೂ ಮಾಡುವಾಗ ಯಾವುದಾದ ಮೇಲೆ ಯಾವುದು, ನಡುವೆ ಎಷ್ಟು ಮಿಲಿಸೆಕೆಂಡ್ ಕಾಯಬೇಕು, ಚಿಪ್‌ನಲ್ಲೇ ಉಳಿದ ದೋಷಗಳೇನು, ಇಷ್ಟು ಸಾಕು. ಇದೂ ಸಿಗದಿದ್ದಾಗ ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರ್) ವಿಂಡೋಸ್ ಓಡಿಸಿ, ಅದರ ಡ್ರೈವರ್ ಯುಎಸ್‌ಬಿಯಲ್ಲಿ ಕಳಿಸುವ ಬೈಟ್‌ಗಳನ್ನು ವೈರ್‌ಶಾರ್ಕ್ ಎಂಬ ದತ್ತಾಂಶ ಸೆರೆಹಿಡಿಯುವ ತಂತ್ರಾಂಶದಲ್ಲಿ ಹಿಡಿದು, ಒಂದೊಂದರ ಅರ್ಥವನ್ನೂ ಊಹಿಸಬೇಕು. ಹೀಗೆ ಬರೆದ ಡ್ರೈವರ್ ದಿನನಿತ್ಯದ ಕೆಲಸಕ್ಕೆ ಸರಿಹೋಗುತ್ತದೆ. ಕೈಕೊಡುವುದು ಆಗ ಕಣ್ಣಿಗೆ ಬೀಳದ ಸನ್ನಿವೇಶಗಳಲ್ಲಿ: ಕಂಪ್ಯೂಟರ್ ಸ್ಲೀಪ್‌ಗೆ ಹೋಗಿ ಎದ್ದಾಗ, ಡಾಂಗಲ್ ವಿದ್ಯುತ್ ಉಳಿತಾಯಕ್ಕೆ ಇಳಿದಾಗ, ಸಿಗ್ನಲ್ ಸೊರಗಿದಾಗ. ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿ ದಾಖಲೆ ಪಡೆಯಿರಿ ಎಂಬ ಸಲಹೆಯಿಂದಲೂ ಪ್ರಯೋಜನ ಕಡಿಮೆ. ದಾಖಲೆಯಲ್ಲಿರುವುದನ್ನು ವಿವರಿಸುವಂತಿಲ್ಲವಾದ್ದರಿಂದ ಆಗ ಕೋಡ್‌ನಲ್ಲಿ ಅರ್ಥವಿಲ್ಲದ ಅಂಕಿಗಳಷ್ಟೇ ಉಳಿಯುತ್ತವೆ, ಮತ್ತೊಬ್ಬರು ತಿದ್ದಲಾಗದು.

ಕೆಲವು ಕಂಪನಿಗಳು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೊರಗೊಂದು ಡ್ರೈವರ್ ಕೊಟ್ಟು ಸುಮ್ಮನಾಗುತ್ತವೆ. ಕರ್ನಲ್‌ನ ಒಳ ಇಂಟರ್‌ಫೇಸ್ ಬದಲಾಗುತ್ತಲೇ ಇರುವುದರಿಂದ ಯಾವುದೋ ಒಂದು ಅಪ್‌ಡೇಟ್‌ಗೆ ವೈಫೈ ಮಾಯವಾಗುತ್ತದೆ.

ಕೊಡುವ ಮನಸ್ಸಿದ್ದರೆ ಆಗುತ್ತದೆ. ಚಿಪ್ ಕಂಪನಿ ಎಎಂಡಿ 2007ರಲ್ಲಿ ತನ್ನ ರೇಡಿಯಾನ್ ಗ್ರಾಫಿಕ್ಸ್ ಚಿಪ್‌ಗಳ ದಾಖಲೆ ಬಿಡುಗಡೆ ಮಾಡತೊಡಗಿತು. ಇಂದು ಆ ಕಾರ್ಡ್‌ಗಳ ಮುಕ್ತ ಡ್ರೈವರ್ ಕರ್ನಲ್‌ನಲ್ಲೇ ಇದೆ.

ಕೊಳ್ಳುವವರು ಪೆಟ್ಟಿಗೆಯ ಮೇಲಿನ ಹೆಸರನ್ನಷ್ಟೇ ನಂಬಬಾರದು. ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಡಾಂಗಲ್‌ನ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಚಿಪ್ ಇತ್ತು, ಎರಡನೆಯದರಲ್ಲಿ ರಿಯಲ್‌ಟೆಕ್. ಮಾದರಿಯ ಹೆಸರು ಮಾತ್ರ ಅದೇ. ಲಿನಕ್ಸ್ ಹಾಕಿದ ಪೆನ್‌ಡ್ರೈವ್ ಅಂಗಡಿಗೇ ಒಯ್ದು ಕಂಪ್ಯೂಟರ್ ಬೂಟ್ ಮಾಡಿ, ಡಾಂಗಲ್ ಸಿಕ್ಕಿಸಿ, ಟರ್ಮಿನಲ್‌ನಲ್ಲಿ 'lsusb' ಆದೇಶ ಕೊಟ್ಟರೆ ಚಿಪ್‌ನ ಗುರುತಿನ ಸಂಖ್ಯೆ ಕಾಣುತ್ತದೆ. ನೆಟ್‌ವರ್ಕ್ ಸಿಗದಿದ್ದರೆ ಬೇರೆಯದನ್ನು ಕೇಳಿ. ಪ್ರಿಂಟರ್ ಆದರೆ ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಅಥವಾ ಐಪಿಪಿ ಎವ್ರಿವೇರ್ ಎಂಬ ವಿವರ ಪ್ರಕಟವಾಗಿರುವ ಮುದ್ರಣ ಪದ್ಧತಿಗಳಲ್ಲೊಂದು ಇರುವುದನ್ನೇ ಆರಿಸಿ.

ಮುಕ್ತ ತಂತ್ರಾಂಶ ಬಳಸಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಒಬ್ಬ ಗ್ರಾಹಕ ಪತ್ರ ಬರೆದರೆ ಚಿಪ್ ಕಂಪನಿಗೆ ಕೇಳಿಸದು. ನೂರಾರು ಯಂತ್ರಗಳ ಟೆಂಡರ್ ಕೇಳಿಸುತ್ತದೆ. 'ಡ್ರೈವರ್ ಮೂಲ ಲಿನಕ್ಸ್ ಕರ್ನಲ್‌ನಲ್ಲಿರಬೇಕು, ಇಲ್ಲವೇ ಚಿಪ್‌ನ ದಾಖಲೆ ಸಾರ್ವಜನಿಕವಾಗಿರಬೇಕು' ಎಂಬ ಒಂದು ಷರತ್ತನ್ನು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲಾ ಪಂಚಾಯಿತಿಗಳು ಮುಂದಿನ ಖರೀದಿಯಲ್ಲೇ ಸೇರಿಸಲಿ.

ಓದುಗರೊಬ್ಬರು, ಕದ್ರಿ, ಮಂಗಳೂರು