ಮೊದಲು ಶ್ರುತಿಗೆ ಫೋನ್ ಮಾಡು

ಬಸವನಗುಡಿ, ಬೆಂಗಳೂರು
14-4-2026, ಮಂಗಳವಾರ

ಚಿ. ಸೌ. ವಿದ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ‘ಬೆಳಿಗ್ಗೆ ಹೇಳುತ್ತೇನೆ’ ಎಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ನಿದ್ದೆ ಹತ್ತಲಿಲ್ಲ. ಬೆಳಕು ಹರಿಯುವ ಮುಂಚೆಯೇ ಎದ್ದು ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಕರಗಿ ಹೇಳಬೇಕಾದದ್ದನ್ನು ಅರ್ಧಕ್ಕೇ ಬಿಡುತ್ತೇನೆ. ದೊಡ್ಡಪ್ಪ ತಿಂಡಿ ಮುಗಿಸಿ ಮೆಟ್ರೊದಲ್ಲಿ ವಿಜಯನಗರಕ್ಕೆ ಬಂದು ನಿನ್ನ ಕೈಗೇ ಕೊಡುತ್ತಾರೆ. ಅವರಿಗೆ ಚಿಕ್ಕಂದಿನಲ್ಲೇ ಅಮ್ಮ, ಅಂದರೆ ಈ ಸೀತಾಳೆ ಸಿಡುಬು, ಬಂದು ಹೋಗಿದೆ, ಬಾಗಿಲಲ್ಲೇ ನಿಲ್ಲಿಸಬೇಡ, ಒಳಗೆ ಕರೆ. ಇಂದು ಅಂಬೇಡ್ಕರ್ ಜಯಂತಿಯ ರಜೆ, ಅಳಿಯಂದಿರೂ ಮನೆಯಲ್ಲಿರುತ್ತಾರೆ. ಇಬ್ಬರೂ ಕೂತು ಓದಿ.

ಪುಟ್ಟನಿಗೆ ಜ್ವರ ಇಳಿದಿದೆ, ಗುಳ್ಳೆಗಳು ಹೆಚ್ಚಾಗಿ ಹೊಟ್ಟೆ ಬೆನ್ನಿನ ಮೇಲಿವೆ, ತುಂಬು ತೋಳಿನ ಅಂಗಿ ಹಾಕಿದರೆ ಯಾರಿಗೂ ಕಾಣುವುದಿಲ್ಲ, ಗುರುವಾರ ಕುಮಟಾಕ್ಕೆ ಹೊರಟುಬಿಡೋಣವೇ ಎಂದು ಕೇಳಿದೆ. ಹನ್ನೊಂದು ಜನರ ಟಿಕೆಟ್, ತಂಗುವ ಮನೆಗೆ ಕೊಟ್ಟ ಮುಂಗಡ, ಎರಡು ವರ್ಷದಿಂದ ಮುಂದಕ್ಕೆ ಹೋಗುತ್ತ ಬಂದ ಪ್ರವಾಸ, ಎಲ್ಲವನ್ನೂ ಹೇಳಿದೆ. ನನಗೆ ಅರ್ಥವಾಗುತ್ತದೆ. ಆದರೆ ನೀನು ಗುರುವಾರವನ್ನು ನೆನೆದು ಕೊರಗುತ್ತಿದ್ದೀಯ, ನನ್ನ ಎದೆ ಡವಗುಟ್ಟಿದ್ದು ಕಳೆದ ಶನಿವಾರವನ್ನು ನೆನೆದು.

ಸೀತಾಳೆ ಸಿಡುಬು ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ಹರಡಲು ಶುರುವಾಗುತ್ತದೆ. ಪುಟ್ಟನಿಗೆ ಮೊದಲ ಗುಳ್ಳೆ ಕಂಡದ್ದು ಭಾನುವಾರ ಬೆಳಿಗ್ಗೆ. ಶನಿವಾರ ರಾತ್ರಿ ಪ್ರವಾಸದ ಮಾತಿಗೆಂದು ನಿನ್ನ ಅತ್ತೆ, ಮಾವ, ಮೈದುನ, ಅವನ ಹೆಂಡತಿ ಶ್ರುತಿ ಎಲ್ಲರೂ ನಿಮ್ಮ ಮನೆಯಲ್ಲೇ ಊಟ ಮಾಡಿದರು. ಪುಟ್ಟ ಚಿಕ್ಕಮ್ಮನ ತೊಡೆಯ ಮೇಲೇ ನಿದ್ದೆಹೋದ ಎಂದು ನೀನೇ ಸಂತೋಷದಿಂದ ಹೇಳಿದ್ದೆ. ಶ್ರುತಿ ಈಗ ಐದು ತಿಂಗಳ ಬಸುರಿ.

ಹಾಗಾಗಿ ಈ ಕಾಗದವನ್ನು ಇಲ್ಲಿಗೇ ಮಡಿಚಿಟ್ಟು ಮೊದಲು ಅವಳಿಗೆ ಫೋನ್ ಮಾಡು. ಉಳಿದದ್ದನ್ನು ಆಮೇಲೆ ಓದು.

ಅವಳನ್ನು ಕೇಳಬೇಕಾದದ್ದು ಇಷ್ಟೇ: ಚಿಕ್ಕಂದಿನಲ್ಲಿ ನಿನಗೆ ಅಮ್ಮ ಬಂದಿತ್ತೇ? ಅದರ ಲಸಿಕೆ ಎರಡು ಸಲ ಆಗಿದೆಯೇ? ಆಗಿದ್ದರೆ ಹೆದರುವ ಕಾರಣ ಬಹಳ ಕಡಿಮೆ. ಇಲ್ಲ ಅಥವಾ ಗೊತ್ತಿಲ್ಲ ಎಂದರೆ ಇಂದೇ ಅವಳ ಹೆರಿಗೆ ವೈದ್ಯರಿಗೆ ತಿಳಿಸಬೇಕು. ರಕ್ತ ಪರೀಕ್ಷೆ ಮಾಡಿದರೆ ಅವಳಿಗೆ ರಕ್ಷಣೆ ಇದೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲದಿದ್ದರೆ ಪ್ರತಿಕಾಯಗಳ ಚುಚ್ಚುಮದ್ದೊಂದಿದೆ. ಸೋಂಕಿತರ ಹತ್ತಿರವಿದ್ದು ಹತ್ತು ದಿನ ಕಳೆಯುವುದರೊಳಗೆ ಅದನ್ನು ಕೊಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅದು ಮೂಲೆಯ ಔಷಧ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಹುಡುಕಲು ಸಮಯ ಬೇಕು. ನೀನು ಸಂಕೋಚದಿಂದ ಕಳೆಯುವ ಪ್ರತಿ ದಿನವೂ ಅವಳ ಲೆಕ್ಕದಿಂದ ಕಳೆದುಹೋಗುತ್ತದೆ. ಗರ್ಭಿಣಿಗೆ ಸೀತಾಳೆ ಬಂದರೆ ಅದು ಶ್ವಾಸಕೋಶಕ್ಕೆ ಇಳಿಯುವ ಭಯವಿರುತ್ತದೆ. ಮೊದಲ ಐದು ತಿಂಗಳಲ್ಲಿ ಹೊಟ್ಟೆಯಲ್ಲಿರುವ ಕೂಸಿಗೂ ಕೇಡಾಗುವ ಸಾಧ್ಯತೆ, ಸಣ್ಣದಾದರೂ, ಇದ್ದೇ ಇದೆ. ಬಸಿರಿನಲ್ಲಿ ಈ ಲಸಿಕೆಯನ್ನು ಕೊಡುವಂತಿಲ್ಲ, ಆದ್ದರಿಂದ ಮುಂಚಿತವಾಗಿ ತಿಳಿಯುವುದೇ ಅವಳಿಗಿರುವ ದಾರಿ.

ನಿನ್ನ ಮಾವನವರ ವಿಷಯವನ್ನೂ ಮರೆಯಬೇಡ. ಕೀಲುನೋವಿಗೆ ಒಂದು ವರ್ಷದಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದಾರಲ್ಲ, ಅದು ದೇಹದ ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ. ಅವರ ವೈದ್ಯರಿಗೂ ಒಂದು ಮಾತು ಹೇಳಿಸು. ಅತ್ತೆಯವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಹೋದ ವರ್ಷ ಅವರಿಗೆ ಸರ್ಪಸುತ್ತು ಆಗಿತ್ತಲ್ಲವೇ? ಸೀತಾಳೆಯ ವೈರಸ್ಸೇ ನರಗಳಲ್ಲಿ ಅಡಗಿ ಕುಳಿತು ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳುವುದು. ಅಂದರೆ ಅವರಿಗೆ ಎಂದೋ ಅಮ್ಮ ಬಂದು ಹೋಗಿದೆ.

ಈಗ ನಾನು ಯಾರಿಗೂ ಬಿಡಿಸಿ ಹೇಳದ ಒಂದು ಸಂಗತಿ. 1987ರ ಮೇ ತಿಂಗಳು. ನಿನ್ನ ಅಣ್ಣ ಶ್ರೀಧರನಿಗೆ ಆಗ ಐದು ವರ್ಷ. ನಾದಿನಿಯ ಕಡೆಯ ಮದುವೆಗೆ ಹಾಸನಕ್ಕೆ ಹೊರಡುವ ಹಿಂದಿನ ದಿನ ಅವನ ಕತ್ತಿನ ಹಿಂದೆ ನಾಲ್ಕು ನೀರುಗುಳ್ಳೆ ಕಂಡವು. ನಾನು ಶಾಲೆಯ ಮೇಷ್ಟರಮ್ಮ, ಏನೆಂದು ಗೊತ್ತಾಗದೆ ಇರಲಿಲ್ಲ. ಬೆವರುಸಾಲೆ ಎಂದು ನನಗೆ ನಾನೇ ಹೇಳಿಕೊಂಡೆ. ಪೌಡರ್ ಹಚ್ಚಿ, ಕಾಲರ್ ಅಂಗಿ ತೊಡಿಸಿ ಬಸ್ಸು ಹತ್ತಿದೆ. ಹೊಸ ಸೀರೆ ತೆಗೆದಿಟ್ಟಿದ್ದೆ, ವರ್ಷಕ್ಕೊಮ್ಮೆ ಸಿಗುವ ನೆಂಟರು, ಹೋಗದಿದ್ದರೆ ನಾದಿನಿ ಏನೆಂದುಕೊಳ್ಳುತ್ತಾಳೆ ಎಂಬ ಅಳುಕು. ಮದುವೆಯ ಮನೆಯಲ್ಲಿ ನಾದಿನಿಯ ಗಂಡ ಶ್ರೀಧರನನ್ನು ಹೆಗಲಿನಿಂದ ಇಳಿಸಲೇ ಇಲ್ಲ. ದಿಬ್ಬಣ, ವಾಲಗ, ಆರತಕ್ಷತೆ, ಎಲ್ಲವನ್ನೂ ಹೆಗಲ ಮೇಲಿಂದಲೇ ತೋರಿಸಿದರು. ಎರಡು ವಾರ ಕಳೆದ ಮೇಲೆ ಅವರಿಗೆ ಜ್ವರ ಬಂತು. ಮಕ್ಕಳಿಗೆ ಹಗುರವಾಗಿ ಹೋಗುವ ಸೀತಾಳೆ ದೊಡ್ಡವರನ್ನು ಹಣ್ಣುಮಾಡುತ್ತದೆ. ಅವರಿಗೆ ಎದೆಗೆ ಇಳಿಯಿತು. ಮೂವತ್ತೆರಡು ವರ್ಷದ ಗಟ್ಟಿ ಆಳು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದರು. ನಾದಿನಿ ಎರಡು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ವಾರ್ಡಿನ ಹೊರಗೆ ನೆಲದ ಮೇಲೆ ಕೂತಿರುತ್ತಿದ್ದಳು.

ಅವರು ಉಳಿದರು. ಆದರೆ ನಾನು ಒಂಬತ್ತು ವರ್ಷ ಅವರ ಮುಖವನ್ನು ನೇರವಾಗಿ ನೋಡಲಾರದೆ ಹೋದೆ. ಕೊನೆಗೆ ಒಂದು ದಿನ ತಡೆಯಲಾಗದೆ ಹೇಳಿದೆ. ಅವರು, ‘ಅತ್ತಿಗೆ, ಆ ಗುಳ್ಳೆ ನನಗೂ ಕಂಡಿತ್ತು. ನೀವು ಏನೂ ಹೇಳಲಿಲ್ಲವಲ್ಲ, ಬೆವರುಸಾಲೆ ಅಂದುಕೊಂಡೆ’ ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ನನ್ನ ಮೌನವನ್ನೇ ನಂಬಿ ಮಗುವನ್ನು ಎತ್ತಿಕೊಂಡಿದ್ದರು, ವಿದ್ಯಾ. ಕಾಯಿಲೆ ಬರುವುದು ನಮ್ಮ ಕೈಯಲ್ಲಿಲ್ಲ, ಹೇಳುವುದು ನಮ್ಮ ಕೈಯಲ್ಲಿದೆ. ನಾನು ಹೇಳಲಿಲ್ಲ.

ನನ್ನ ಅಜ್ಜಿಯ ಕಾಲದಲ್ಲಿ ಇದನ್ನು ಮುಚ್ಚಿಡಲು ಆಗುತ್ತಲೇ ಇರಲಿಲ್ಲ. ಮನೆಯಲ್ಲಿ ಅಮ್ಮ ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಬೀದಿಯಲ್ಲಿ ಹೋಗುವವರಿಗೆಲ್ಲ ತಿಳಿಯುತ್ತಿತ್ತು. ಬಸುರಿ, ಬಾಣಂತಿಯರು ಆ ಕಡೆ ಸುಳಿಯುತ್ತಿರಲಿಲ್ಲ. ಮನೆಯವರು ಮದುವೆ ಮುಂಜಿಗೆ ಹೋಗುತ್ತಿರಲಿಲ್ಲ. ಅವರಿಗೆ ವೈರಸ್ ಎಂಬ ಮಾತು ಗೊತ್ತಿರಲಿಲ್ಲ, ಆದರೆ ಆ ಸೊಪ್ಪಿನ ಕೊಂಬೆ ಊರಿಗೆಲ್ಲ ಸುದ್ದಿ ಮುಟ್ಟಿಸುವ ಕೆಲಸವನ್ನು ಮಾಡುತ್ತಿತ್ತು. ನಿಮ್ಮ ಅಪಾರ್ಟ್‌ಮೆಂಟಿನ ಬಾಗಿಲಿಗೆ ಸೊಪ್ಪು ಕಟ್ಟು ಎನ್ನುವುದಿಲ್ಲ. ಅದರ ಬದಲು ಪುಟ್ಟ ಶನಿವಾರ ಸಂಜೆ ಯಾವ ಮಕ್ಕಳ ಜೊತೆ ಆಡಿದನೋ ಅವರ ತಾಯಂದಿರಿಗೆ ಒಂದೊಂದು ಸಂದೇಶ ಕಳಿಸು. ಶಾಲೆಗೆ ರಜೆ ಸಿಕ್ಕಿದ್ದು ಒಳ್ಳೆಯದಾಯಿತು.

ಇನ್ನು ರೈಲಿನ ಮಾತು. ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಪುಟ್ಟ ಹೊರಗೆ ಕಾಲಿಡುವಂತಿಲ್ಲ. ಸಾಮಾನ್ಯವಾಗಿ ಅದಕ್ಕೆ ಐದರಿಂದ ಏಳು ದಿನ ಬೇಕು, ಗುರುವಾರಕ್ಕೆ ಖಂಡಿತ ಆಗುವುದಿಲ್ಲ. ಅಂಗಿಯ ತೋಳು ಉದ್ದವಿದ್ದರೆ ಗುಳ್ಳೆ ಮರೆಯಾಗಬಹುದು, ಸೋಂಕು ಗಾಳಿಯಲ್ಲೂ ಹರಡುತ್ತದೆ. 1989ರ ರೈಲ್ವೆ ಕಾಯ್ದೆಯ 56ನೇ ಕಲಮಿನಲ್ಲಿ ಸಾಂಕ್ರಾಮಿಕ ರೋಗವಿರುವವರು ಅನುಮತಿಯಿಲ್ಲದೆ ಗಾಡಿ ಹತ್ತಬಾರದು ಎಂದೇ ಇದೆ. ಕಾಯ್ದೆಯನ್ನು ಬಿಡು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ನಾಡಿನ ಮೂಲೆಮೂಲೆಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಬರುತ್ತಾರೆ. ಮದ್ದು ಏರಿಸಿಕೊಂಡು ರಾತ್ರಿಯ ಗಾಡಿಯಲ್ಲಿ ಊರಿಗೆ ಮರಳುವವರು ನೀವು ಹತ್ತಬೇಕಿದ್ದ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲೂ ಇರಬಹುದು. ಎದುರಿನ ಬರ್ತಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದವರು ಯಾರೆಂದು ನಿನಗೆ ಹೇಗೆ ಗೊತ್ತಾಗುತ್ತದೆ? ಆ ಸ್ಥಿತಿಯಲ್ಲಿ ಅವರಿಗೆ ಇದು ಪ್ರಾಣಕ್ಕೇ ಕುತ್ತು.

ನಾಲ್ವರ ಟಿಕೆಟನ್ನು ಇಂದೇ ರದ್ದು ಮಾಡಿಸಿ, ತಡಮಾಡಿದಷ್ಟೂ ಹೆಚ್ಚು ಹಣ ಮುರಿದುಕೊಳ್ಳುತ್ತಾರೆ. ಕುಮಟಾದ ಮನೆಯವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಹಣ ವಾಪಸು ಕೇಳುವ ಬದಲು ದಿನ ಬದಲಿಸಿಕೊಡಿ ಎಂದು ಕೇಳಿನೋಡಿ. ಉಳಿದ ಏಳು ಜನ ಹೋಗುವುದೋ ಬಿಡುವುದೋ ಅವರ ನಿರ್ಧಾರ, ನೀನು ಅವರ ಪರವಾಗಿ ತೀರ್ಮಾನಿಸಬೇಡ. ಶನಿವಾರ ಊಟಕ್ಕೆ ಬಂದವರಿಗೆ ತಗುಲಿದ್ದರೂ ಗುಳ್ಳೆ ಏಳಲು ಹತ್ತರಿಂದ ಇಪ್ಪತ್ತೊಂದು ದಿನ ಹಿಡಿಯುತ್ತದೆ. ಈ ಲೆಕ್ಕವನ್ನು ಅವರ ಮುಂದಿಡು, ವೈದ್ಯರನ್ನು ಕೇಳಿ ಹೋಗಬೇಕೆನಿಸಿದರೆ ಹೋಗಲಿ. ನಿನ್ನ ಹೊಸ ದಿನಾಂಕವನ್ನೂ ಇದೇ ಲೆಕ್ಕದಲ್ಲಿ ಹಿಡಿ. ಪಾಪು ಅಣ್ಣನ ಜೊತೆಯಲ್ಲೇ ಇದ್ದಾಳೆ, ಅವನದು ಒಣಗಿದ ಮೇಲೂ ಅವಳಿಗೆ ಮೂರು ವಾರ ಕಾಯಬೇಕು. ಮೇ ಎರಡನೇ ವಾರ ಕಳೆಯುತ್ತದೆ. ಅಲ್ಲಿಂದ ಮುಂಗಾರು ಬರುವವರೆಗೆ ಸಮುದ್ರ ನಿಮಗಾಗಿ ಕಾದಿರುತ್ತದೆ.

ಪಾಪುವನ್ನು ನಮ್ಮ ಮನೆಗೆ ಕಳಿಸಲೇ ಎಂದೂ ಕೇಳಿದ್ದೆ. ಆಗಲಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ನಮಗಿಬ್ಬರಿಗೂ ಭಯವಿಲ್ಲ. ಆದರೆ ಕೆಳಗಿನ ಮನೆಯಲ್ಲಿ ಹನ್ನೆರಡು ದಿನದ ಬಾಣಂತಿ, ಹಸುಗೂಸು. ಪಾಪು ನಿಮ್ಮಲ್ಲೇ ಇರಲಿ. ಅವಳಿಗೆ ಲಸಿಕೆ ಒಂದೇ ಸಲ ಆಗಿದೆ ಎಂದೆಯಲ್ಲ, ಎರಡನೆಯದನ್ನು ಈಗಲೇ ಹಾಕಿಸಬಹುದೇ ಎಂದು ಮಕ್ಕಳ ವೈದ್ಯರನ್ನು ಇಂದೇ ಕೇಳು. ಸೋಂಕು ಸೋಕಿದ ಮೂರು ದಿನದೊಳಗೆ, ಹೆಚ್ಚೆಂದರೆ ಐದು ದಿನದೊಳಗೆ ಹಾಕಿದರೆ ಪ್ರಯೋಜನವಿದೆ. ಪುಟ್ಟನಿಗೆ ಹಾಕಿಸಲಿಲ್ಲವೆಂದು ಕೊರಗಬೇಡ. ಅವನ ಹದಿನೈದನೇ ತಿಂಗಳಿಗೆ ಸರಿಯಾಗಿ 2020ರ ಏಪ್ರಿಲ್, ಊರಿಗೆ ಊರೇ ಬಾಗಿಲು ಹಾಕಿತ್ತು. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲದ್ದರಿಂದ ಯಾರೂ ನೆನಪಿಸಲಿಲ್ಲ.

ಮೈಗೆ ಕ್ಯಾಲಮೈನ್ ಹಚ್ಚು, ಉಗುರು ಕತ್ತರಿಸು, ಹತ್ತಿಯ ಬಟ್ಟೆ ಹಾಕು. ಜ್ವರ ಬಂದರೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್ ಖಂಡಿತ ಕೂಡದು, ಸೀತಾಳೆಯಲ್ಲಿ ಅದು ಮಕ್ಕಳ ಮಿದುಳು, ಯಕೃತ್ತಿಗೆ ಅಪಾಯ ತರಬಹುದು. ಐಬುಪ್ರೊಫೆನನ್ನೂ ನೀನಾಗಿ ಕೊಡಬೇಡ. ಅತ್ತೆಯವರು ಒಗ್ಗರಣೆ ಬೇಡ ಎಂದರೆ ಒಪ್ಪಿಕೋ, ಬಾಯಲ್ಲಿ ಗುಳ್ಳೆಯಿದ್ದರೆ ಖಾರ ಉರಿಯುತ್ತದೆ, ಮೊಸರನ್ನವೇ ಹಿತ. ಬೇಳೆ ತರಕಾರಿ ಕೊಡಬಾರದು ಎಂದರೆ ಮಾತ್ರ ಒಪ್ಪಬೇಡ, ಮಗು ನಿತ್ರಾಣವಾಗುತ್ತದೆ. ಹಕ್ಕಳೆ ಉದುರುವವರೆಗೆ ನೀರು ಹಾಕಬಾರದು ಎಂಬುದನ್ನೂ ನಾನು ಒಪ್ಪುವುದಿಲ್ಲ. ಉಗುರುಬೆಚ್ಚನೆಯ ನೀರಿನಲ್ಲಿ ದಿನವೂ ಮೈ ತೊಳೆದರೆ ಕೆರೆತ ತಗ್ಗುತ್ತದೆ. ಕೊನೆಗೆ ಬೇವು ಅರಿಸಿನದ ನೀರು ಹಾಕಿ ಅಣ್ಣಮ್ಮನಿಗೆ ಮೊಸರನ್ನ ಒಪ್ಪಿಸುವ ಹರಕೆಯನ್ನು ಅತ್ತೆಯವರು ಹೊತ್ತಿದ್ದರೆ ಸಂತೋಷವಾಗಿ ತೀರಿಸಿ, ನಾನೂ ಬರುತ್ತೇನೆ. ಗುಳ್ಳೆಯ ಸುತ್ತ ಕೆಂಪಾಗಿ ಊದಿಕೊಂಡರೆ, ಇಳಿದ ಜ್ವರ ಮತ್ತೆ ಏರಿದರೆ, ಉಸಿರಾಡಲು ಕಷ್ಟಪಟ್ಟರೆ, ಮಂಪರು ಕವಿದಂತಿದ್ದರೆ, ವಾಂತಿ ನಿಲ್ಲದಿದ್ದರೆ, ನಡೆಯುವಾಗ ತೂರಾಡಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗು.

ಪುಟ್ಟ ‘ನನ್ನಿಂದ ಎಲ್ಲರ ಪ್ರವಾಸ ಹಾಳಾಯಿತು’ ಎಂದು ಅಳುತ್ತಿದ್ದಾನೆ ಎಂದೆ. ಅದನ್ನು ಕೇಳಿ ನನಗೆ ಸಂಕಟವಾಯಿತು. ಮುಂಗಡ, ಟಿಕೆಟ್ಟು, ಎಷ್ಟು ಹೋಯಿತು ಎಂಬ ಮಾತುಗಳು ಅವನ ಕಿವಿಗೆ ಬೀಳದಿರಲಿ. ಅವನಿಗೆ ಒಂದು ಕಥೆ ಹೇಳು. ಮಿಚಿಯಾಕಿ ತಾಕಾಹಾಶಿ ಎಂಬ ಜಪಾನಿ ವೈದ್ಯರಿದ್ದರು. 1964ರಲ್ಲಿ ಅವರ ಮೂರು ವರ್ಷದ ಮಗನಿಗೆ ಇದೇ ಸೀತಾಳೆ ಜೋರಾಗಿ ಬಂತು. ಮಗ ನರಳುವುದನ್ನು ಕಂಡ ಆ ತಂದೆ ಹತ್ತು ವರ್ಷ ದುಡಿದು 1974ರಲ್ಲಿ ಇದರ ಲಸಿಕೆಯನ್ನು ಲೋಕದ ಮುಂದಿಟ್ಟರು. ಪಾಪುವಿಗೆ ಹಾಕಿಸಿದ ಲಸಿಕೆಯ ಮೂಲ ಅದೇ. ಒಬ್ಬ ಹುಡುಗನಿಗೆ ಬಂದ ಗುಳ್ಳೆಗಳಿಂದ ಎಷ್ಟೋ ದೇಶಗಳ ಮಕ್ಕಳಿಗೆ ಒಳ್ಳೆಯದಾಯಿತು ಎಂದು ಕೇಳಿದರೆ ಅವನ ಅಳು ನಿಲ್ಲಬಹುದು.

ಚೀಲದಲ್ಲಿ ನಾಲ್ಕು ಎಳನೀರು, ಒಂದು ಡಬ್ಬಿ ಹೆಸರುಬೇಳೆ ಪಾಯಸ, ಹಿತ್ತಲಿನ ಬೇವಿನ ಸೊಪ್ಪು ಇಟ್ಟಿದ್ದೇನೆ. ಸೊಪ್ಪನ್ನು ಪುಟ್ಟನ ಹಾಸಿಗೆಯ ಪಕ್ಕ ಇಡು. ಕೆರೆತ ಬಂದಾಗ ಉಗುರಿನ ಬದಲು ಎಲೆಯಿಂದ ಸವರಿಕೊಳ್ಳಲಿ. ಅವನು ಮಲಗಿದಾಗ ಓದಿ ಹೇಳಲು ನಾಲ್ಕು ಹಳೆಯ ಕಥೆಪುಸ್ತಕಗಳೂ ಇವೆ, ಶ್ರೀಧರನವು.

ಶ್ರುತಿ ಏನಂದಳು ಎಂದು ನನಗೆ ತಿಳಿಸು. ಅವಳು ಸಿಟ್ಟಾದರೂ ತಿಳಿಸು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ