ಇನ್ನು ನಿಮ್ಮ ಲಾನ್‌ಗೆ ಔಷಧಿ ಹೊಡೆಯುವುದಿಲ್ಲ: ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ.

ಮುಂದಿನ ತಿಂಗಳಿನಿಂದ ನಿಮ್ಮ ಮನೆಯ ಹುಲ್ಲುಹಾಸಿನ ಕೆಲಸದಲ್ಲಿ ದೊಡ್ಡ ಬದಲಾವಣೆ ಆಗುತ್ತಿದೆ. ಮೊದಲು ವಿಷಯ ಹೇಳಿಬಿಡುತ್ತೇವೆ, ಕಾರಣ ಆಮೇಲೆ. ನಮ್ಮ ಸಹಕಾರಿ ಸಂಘದ ಕೆಲಸಗಾರರು ಇನ್ನು ಕಳೆನಾಶಕ ಹೊಡೆಯುವುದಿಲ್ಲ. ತಿಂಗಳ ಲೆಕ್ಕದಲ್ಲಿ ಹಾಕುತ್ತಿದ್ದ ರಾಸಾಯನಿಕ ಗೊಬ್ಬರವನ್ನೂ ನಿಲ್ಲಿಸುತ್ತಿದ್ದೇವೆ. ಹುಲ್ಲನ್ನು ಈಗಿನದಕ್ಕಿಂತ ಉದ್ದ ಬಿಡುತ್ತೇವೆ. ಕತ್ತರಿಸಿದ ಹುಲ್ಲನ್ನು ಚೀಲಕ್ಕೆ ತುಂಬಿ ಒಯ್ಯದೆ ಅಲ್ಲೇ ಬಿಟ್ಟು ಬರುತ್ತೇವೆ.

ಇದನ್ನು ಓದಿದ ತಕ್ಷಣ, ಕೆಲಸ ಕಡಿಮೆ ಮಾಡಿಕೊಳ್ಳೋಕೆ ಇವರು ನೆಪ ಹುಡುಕುತ್ತಿದ್ದಾರೆ ಅಂತ ನಿಮಗೆ ಅನ್ನಿಸಬಹುದು. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ. ದಯವಿಟ್ಟು ಪೂರ್ತಿ ಓದಿ.

ಇದು ಶುರುವಾಗಿದ್ದು ಒಂದು ಹೆಂಟೆ ಮಣ್ಣಿನಿಂದ. ನಾವು ಎಷ್ಟೋ ವರ್ಷದಿಂದ ನೋಡಿಕೊಳ್ಳುತ್ತಿದ್ದ ಒಂದು ಮನೆಯಲ್ಲಿ ನೀರಿನ ಪೈಪ್ ಹಾಕಬೇಕಿತ್ತು. ಲಾನ್ ಹಚ್ಚಹಸಿರಾಗಿತ್ತು, ಒಂದು ಕಳೆ ಇರಲಿಲ್ಲ. ನಮಗೂ ಅದರ ಬಗ್ಗೆ ಹೆಮ್ಮೆ ಇತ್ತು. ಸನಿಕೆ ಹಾಕಿ ಒಂದು ಹೆಂಟೆ ಎತ್ತಿ ನೋಡಿದರೆ, ಹುಲ್ಲಿನ ಬೇರು ಮೂರು ಬೆರಳಿನ ಅಗಲದಷ್ಟೂ ಕೆಳಗೆ ಇಳಿದಿರಲಿಲ್ಲ. ಅದರ ಕೆಳಗೆ ಮಣ್ಣು ಇಟ್ಟಿಗೆ ತರಹ ಗಟ್ಟಿ. ಎರೆಹುಳು ಒಂದೂ ಇಲ್ಲ. ಮೂಗಿನ ಹತ್ತಿರ ಹಿಡಿದರೆ ಮಣ್ಣಿನ ವಾಸನೆ ಕೂಡ ಇರಲಿಲ್ಲ.

ಅದೇ ಅಂಗಳದಲ್ಲಿ, ಸಾಮಾನಿಡುವ ಕೋಣೆಯ ಹಿಂದೆ, ಯಾರೂ ಕೈ ಹಾಕದ ಒಂದು ಪಟ್ಟಿ ಜಾಗ ಇತ್ತು. ಹುಲ್ಲು, ಕಳೆ, ಒಣಗಿದ ಎಲೆ ಎಲ್ಲ ಸೇರಿ ಬೆಳೆದಿದ್ದವು. ಅಲ್ಲಿ ಸನಿಕೆ ಒತ್ತಿದರೆ ಸಲೀಸಾಗಿ ಇಳಿಯಿತು. ಬಿಳಿ ದಾರದಂಥ ಬೇರುಗಳು ಒಂದು ಗೇಣು ಕೆಳಗಿನ ತನಕ ಹೋಗಿದ್ದವು. ಮಣ್ಣು ಪುಡಿಪುಡಿಯಾಗಿ, ಕಪ್ಪಾಗಿ, ತಂಪಾಗಿತ್ತು. ಎರಡು ಎರೆಹುಳು ಬೆಳಕು ಕಂಡು ಒಳಗೆ ಜಾರಿದವು. ಮಳೆ ಒಂದೇ, ಬಿಸಿಲು ಒಂದೇ, ಮೂಲದ ಮಣ್ಣೂ ಒಂದೇ. ಒಂದು ಕಡೆ ನಾವು ಕೆಲಸ ಮಾಡಿದ್ದೆವು, ಇನ್ನೊಂದು ಕಡೆ ಮಾಡಿರಲಿಲ್ಲ. ಅಷ್ಟೇ ವ್ಯತ್ಯಾಸ.

ಆ ಎರಡು ಹೆಂಟೆಗಳನ್ನು ಸಂಘದ ಕಚೇರಿಗೆ ತಂದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆವು. ಅವತ್ತಿನ ಸಭೆಯಲ್ಲಿ ಬೇರೆ ಯಾವ ಮಾತೂ ಆಗಲಿಲ್ಲ.

ಏನಾಗುತ್ತೆ ಅಂದರೆ, ರಾಸಾಯನಿಕ ಗೊಬ್ಬರದ ಸಾರಜನಕ ನೀರಲ್ಲಿ ಬೇಗ ಕರಗುತ್ತದೆ. ಹುಲ್ಲಿಗೆ ಮೇಲ್ಗಡೆಯೇ ಊಟ ಸಿಕ್ಕಿಬಿಡುತ್ತದೆ. ದಿನಾ ಸ್ವಲ್ಪ ಸ್ವಲ್ಪ ನೀರು ಬಿಟ್ಟರೆ ನೀರೂ ಮೇಲ್ಗಡೆಯೇ ಸಿಗುತ್ತದೆ. ಮತ್ತೆ ಬೇರು ಯಾಕೆ ಕೆಳಗೆ ಹೋಗುತ್ತೆ ಹೇಳಿ? ಹುಲ್ಲು ಸರಸರ ಬೆಳೆಯುತ್ತೆ, ನಾವು ಬಂದು ಕತ್ತರಿಸುತ್ತೇವೆ, ಕತ್ತರಿಸಿದ್ದನ್ನು ಹೊತ್ತೊಯ್ಯುತ್ತೇವೆ, ಮಣ್ಣಿಗೆ ಏನೂ ವಾಪಸ್ ಸಿಗುವುದಿಲ್ಲ. ಆಮೇಲೆ ಮತ್ತೆ ಗೊಬ್ಬರ. ಈ ಸುತ್ತನ್ನು ವರ್ಷಗಟ್ಟಲೆ ನಾವೇ ತಿರುಗಿಸಿದ್ದೇವೆ.

ಹುಲ್ಲು ಹೀರದೆ ಬಿಟ್ಟ ಗೊಬ್ಬರ ಸುಮ್ನೆ ಇರುವುದಿಲ್ಲ. ಒಂದಷ್ಟು ಮಳೆನೀರಿನ ಜೊತೆ ಚರಂಡಿಗೆ, ಅಲ್ಲಿಂದ ಕೆರೆ ಹೊಳೆಗೆ ಹೋಗುತ್ತದೆ. ಅಲ್ಲಿ ಪಾಚಿ ಹಬ್ಬುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖಾಲಿಯಾಗಿ ಮೀನು ಸಾಯುತ್ತವೆ. ಇದನ್ನು ನಾವು ಓದಿ ತಿಳಿದಿದ್ದಲ್ಲ, ಕಣ್ಣಾರೆ ಕಂಡಿದ್ದೇವೆ. ಒಮ್ಮೆ ಗೊಬ್ಬರ ಹಾಕಿ ಮುಗಿಸಿದ ಸಂಜೆಯೇ ಜೋರು ಮಳೆ ಬಂತು. ಕೆಲವೇ ವಾರದಲ್ಲಿ ಆ ಮನೆಯ ತಗ್ಗಿನಲ್ಲಿದ್ದ ಸಣ್ಣ ಕೊಳದ ಮೇಲೆ ಹಸಿರು ಕೆನೆ ಕಟ್ಟಿತು. ತಪ್ಪು ನಮ್ಮದೇ. ಮೋಡ ನೋಡಿ ನಿಲ್ಲಿಸಬೇಕಿತ್ತು, ಪಟ್ಟಿಯಲ್ಲಿ ದಿನಾಂಕ ಇದೆ ಅಂತ ಹಾಕಿಬಿಟ್ಟೆವು. ಮಣ್ಣಿನಲ್ಲೇ ಉಳಿದ ಸಾರಜನಕದ ಒಂದು ಪಾಲನ್ನು ಸೂಕ್ಷ್ಮಜೀವಿಗಳು ನೈಟ್ರಸ್ ಆಕ್ಸೈಡ್ ಆಗಿ ಮಾಡುತ್ತವೆ. ಇಂಗಾಲದ ಡೈಆಕ್ಸೈಡ್‌ಗೆ ಹೋಲಿಸಿದರೆ ಈ ಅನಿಲ 100 ವರ್ಷದ ಲೆಕ್ಕದಲ್ಲಿ ಸುಮಾರು 270 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ.

ಹಾಗಾದರೆ ಗೊಬ್ಬರದ ಬದಲು ಏನು? ಮೊದಲನೆಯದು, ನಾವು ಇಷ್ಟು ದಿನ ಚೀಲ ತುಂಬಿ ಒಯ್ಯುತ್ತಿದ್ದ ಅದೇ ಹುಲ್ಲು. ಹಸಿ ಹುಲ್ಲಿನ ತುಂಡಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ನೀರು. ಒಣಗಿದ ಮೇಲೆ ಉಳಿಯುವುದರಲ್ಲಿ ಸುಮಾರು ನೂರಕ್ಕೆ 4 ಭಾಗ ಸಾರಜನಕ. ತುಂಡು ಸಣ್ಣದಾಗಿದ್ದರೆ ಬೇಗ ಕರಗಿ ಮಣ್ಣು ಸೇರುತ್ತದೆ. ಲಾನ್‌ಗೆ ವರ್ಷಕ್ಕೆ ಬೇಕಾದ ಸಾರಜನಕದ ಕಾಲು ಭಾಗದ ತನಕ ಇದರಿಂದಲೇ ಸಿಗುತ್ತದೆ. ಉಳಿದದ್ದಕ್ಕೆ ಜರಡಿ ಹಿಡಿದ ಕಾಂಪೋಸ್ಟನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡುತ್ತೇವೆ. ಹುಲ್ಲು ಮುಚ್ಚಿಹೋಗಬಾರದು, ತುದಿ ಕಾಣುತ್ತಿರಬೇಕು. ತುಳಿದು ಗಟ್ಟಿಯಾದ ಕಡೆ ಮೊದಲು ನೆಲಕ್ಕೆ ತೂತು ಹಾಕಿ, ಆಮೇಲೆ ಕಾಂಪೋಸ್ಟ್. ತೂತು ಹಾಕಿದಾಗ ಬೆರಳಿನಷ್ಟು ದಪ್ಪದ ಮಣ್ಣಿನ ತುಂಡುಗಳು ಲಾನ್ ಮೇಲೆ ಬಿದ್ದಿರುತ್ತವೆ. ಗುಡಿಸಬೇಡಿ, ಎರಡು ಮಳೆಗೆ ತಾವೇ ಕರಗುತ್ತವೆ.

ಕತ್ತರಿಸಿದ ಹುಲ್ಲು ಬಿಟ್ಟರೆ ಬುಡದಲ್ಲಿ ಒಣ ಪದರ ಕಟ್ಟಲ್ವಾ ಅಂತ ಕೆಲವರು ಈಗಾಗಲೇ ಕೇಳಿದ್ದೀರಿ. ಇಲ್ಲ. ಆ ಪದರ ಕಟ್ಟುವುದು ಬೇರು, ಕಾಂಡಗಳಂಥ ಗಡುಸು ಭಾಗದಿಂದ. ಎಲೆಯ ತುದಿ ಮೆತ್ತಗಿರುತ್ತದೆ, ಬೇಗ ಕೊಳೆಯುತ್ತದೆ. ಆದರೆ ಒದ್ದೆ ಹುಲ್ಲನ್ನು ರಾಶಿ ರಾಶಿಯಾಗಿ ಬಿಟ್ಟರೆ ಕೆಳಗಿನ ಹುಲ್ಲು ಹಳದಿಯಾಗುತ್ತದೆ, ಅದು ನಿಜ. ಅಂಥ ರಾಶಿ ಕಂಡರೆ ನಮಗೆ ಹೇಳಿ, ಬಂದು ಹರಡಿ ಹೋಗುತ್ತೇವೆ.

ಎತ್ತರದ ಮಾತಿಗೆ ಬರೋಣ. ಹುಲ್ಲಿಗೆ ಎಲೆಯೇ ಅಡುಗೆಮನೆ. ನುಣ್ಣಗೆ ಬೋಳಿಸಿದರೆ ಬೇರಿಗೆ ಕಳಿಸೋಕೆ ಏನೂ ಉಳಿಯುವುದಿಲ್ಲ. ಇನ್ನು ಮೇಲೆ ಒಂದು ಸಲಕ್ಕೆ ಎಲೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸುವುದಿಲ್ಲ. ಗರಿಕೆ ಜಾತಿಯ, ನೆಲಕ್ಕೆ ಹಬ್ಬುವ ಹುಲ್ಲಾದರೆ 3ರಿಂದ 5 ಸೆಂಟಿಮೀಟರ್ ಬಿಡುತ್ತೇವೆ. ಗುಂಪಾಗಿ ನೆಟ್ಟಗೆ ಬೆಳೆಯುವ, ತಂಪು ಹವೆಯ ಹುಲ್ಲಾದರೆ 7ರಿಂದ 9. ಉದ್ದ ಹುಲ್ಲು ನೆಲಕ್ಕೆ ನೆರಳು ಕೊಡುತ್ತದೆ. ತೇವ ಬೇಗ ಆರುವುದಿಲ್ಲ, ಕಳೆಬೀಜಕ್ಕೆ ಬಿಸಿಲು ಸಿಗದೆ ಮೊಳಕೆಯೂ ಕಡಿಮೆ. ನಮ್ಮ ಅನುಭವದಲ್ಲಿ ಕಳೆನಾಶಕಕ್ಕಿಂತ ಒಳ್ಳೆಯ ಉಪಾಯ ಇದೇ. ಯಂತ್ರದ ಅಲಗನ್ನೂ ಈಗ ಜಾಸ್ತಿ ಸಲ ಸಾಣೆ ಹಿಡಿಯುತ್ತೇವೆ. ಮೊಂಡ ಅಲಗು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಬಗ್ಗಿ ನೋಡಿದರೆ ತುದಿ ನಾರುನಾರಾಗಿ ಬೆಳ್ಳಗಾಗಿರುವುದು ಕಾಣುತ್ತದೆ.

ಕಳೆಯ ಬಗ್ಗೆ ಒಂದು ಮಾತು ಮನಸ್ಸು ಬಿಚ್ಚಿ ಹೇಳಬೇಕು. ಬಿಳಿ ಕ್ಲೋವರ್ ನೋಡಿರುತ್ತೀರಿ, ಮೂರೆಲೆಯ ಪುಟ್ಟ ಗಿಡ, ಬಿಳಿ ಚೆಂಡಿನಂಥ ಹೂವು. ಹಿಂದೆ ಲಾನ್ ಬೀಜದ ಜೊತೆಗೇ ಇದರ ಬೀಜವನ್ನೂ ಬೇಕಂತಲೇ ಬೆರೆಸಿ ಮಾರುತ್ತಿದ್ದರು. ಇದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುತ್ತವೆ. 1940ರ ದಶಕದಲ್ಲಿ 2,4-ಡಿ ಎಂಬ ಕಳೆನಾಶಕ ಬಂತು. ಅದು ಅಗಲ ಎಲೆಯ ಗಿಡಗಳನ್ನು ಕೊಂದು ಹುಲ್ಲನ್ನು ಉಳಿಸುತ್ತದೆ. ಕ್ಲೋವರ್ ಎಲೆಯೂ ಅಗಲ, ಅದೂ ಸತ್ತಿತು. ಆಮೇಲೆ ನಿಧಾನಕ್ಕೆ ಅದರ ಹೆಸರೂ ಕಳೆಯ ಪಟ್ಟಿಗೆ ಸೇರಿತು. ಗೊಬ್ಬರ ಮಾಡಿಕೊಡುತ್ತಿದ್ದ ಗಿಡವನ್ನು ಕೊಂದು, ಗೊಬ್ಬರವನ್ನು ಕೊಂಡು ತಂದಂತಾಯಿತು ಅಲ್ವಾ?

ಹಾಗಾಗಿ ನಿಮ್ಮ ಲಾನ್‌ನಲ್ಲಿ ಕ್ಲೋವರ್ ತಾನಾಗಿ ಬಂದರೆ ನಾವು ಕೀಳುವುದಿಲ್ಲ. ಹೂ ಬಿಟ್ಟಾಗ ಜೇನುಹುಳು ಬರುತ್ತವೆ. ಬರಿಗಾಲಲ್ಲಿ ಓಡಾಡುವ ಮಕ್ಕಳಿದ್ದರೆ, ಅಥವಾ ಜೇನು ಕಚ್ಚಿದರೆ ಮೈಗೆ ಆಗದವರು ಮನೆಯಲ್ಲಿದ್ದರೆ, ಮೊದಲೇ ತಿಳಿಸಿ. ಆ ಭಾಗದಲ್ಲಿ ಹೂವಾಗುವ ಮುಂಚೆಯೇ ಕತ್ತರಿಸುತ್ತೇವೆ. ಮುಳ್ಳಿನ ಕಳೆ, ಹಬ್ಬಿ ಹುಲ್ಲನ್ನೇ ನುಂಗುವ ಕಳೆಗಳನ್ನು ಬುಡಸಮೇತ ಕೈಯಲ್ಲೇ ಕೀಳುತ್ತೇವೆ. ಅದಕ್ಕೆ ಸಮಯ ಹಿಡಿಯುತ್ತದೆ. ಆ ಸಮಯವನ್ನು ನಾವು ಕೊಡುತ್ತೇವೆ.

ನೀರಿನ ವಿಷಯದಲ್ಲಿ ನಿಮ್ಮ ಸಹಾಯ ಬೇಕು, ಯಾಕಂದರೆ ನಲ್ಲಿ ನಿಮ್ಮ ಕೈಯಲ್ಲಿದೆ. ಸಾಮಾನ್ಯ ಲಾನ್‌ಗೆ ಮಳೆ ಸೇರಿ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಸಾಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. 100 ಚದರ ಮೀಟರ್ ಲಾನ್ ಇದ್ದರೆ ವಾರಕ್ಕೆ 2,500 ಲೀಟರ್ ಆಯಿತು. ಕಡಿಮೆ ನೀರಲ್ಲ ಅದು. ದಿನಾ ಹತ್ತು ನಿಮಿಷ ಬಿಡುವ ಬದಲು ವಾರಕ್ಕೆ ಒಂದೆರಡು ಸಲ, ಬೆಳಗಿನ ಜಾವ, ಚೆನ್ನಾಗಿ ಇಳಿಯುವ ಹಾಗೆ ಬಿಡಿ. ನೀರು ಕೆಳಗೆ ಇಳಿದರೆ ಬೇರೂ ಅದರ ಹಿಂದೆ ಇಳಿಯುತ್ತದೆ. ನೀರು ಬೇಕೋ ಬೇಡವೋ ಅನ್ನುವುದನ್ನು ಹುಲ್ಲನ್ನೇ ಕೇಳಬಹುದು. ಅದರ ಮೇಲೆ ನಡೆದು ಹಿಂದೆ ತಿರುಗಿ ನೋಡಿ. ಹೆಜ್ಜೆ ಗುರುತು ಹಾಗೇ ಉಳಿದಿದ್ದರೆ ಹುಲ್ಲಿಗೆ ಬಾಯಾರಿಕೆ. ಎದ್ದು ನಿಂತರೆ ಇನ್ನೂ ನೀರಿದೆ. ತೀರಾ ಒಣ ತಿಂಗಳಲ್ಲಿ ಹುಲ್ಲು ಕಂದು ಬಣ್ಣಕ್ಕೆ ತಿರುಗಿದರೂ ಗಾಬರಿ ಬೇಡ. ಬಹಳಷ್ಟು ಸಲ ಅದು ಸತ್ತಿರುವುದಿಲ್ಲ, ಮಲಗಿರುತ್ತದೆ. ಬುಡದಲ್ಲಿ ಜೀವ ಇದ್ದರೆ ಮಳೆಗೆ ಮತ್ತೆ ಚಿಗುರುತ್ತದೆ.

ಮರದ ಕೆಳಗೆ, ಗೋಡೆ ಪಕ್ಕ, ಇಳಿಜಾರಿನಲ್ಲಿ ಎಷ್ಟು ಮಾಡಿದರೂ ಹುಲ್ಲು ಬರದ ಜಾಗ ಎಲ್ಲರ ಮನೆಯಲ್ಲೂ ಇರುತ್ತದೆ. ಅಲ್ಲಿ ಹುಲ್ಲಿನ ಆಸೆ ಬಿಟ್ಟುಬಿಡೋಣ ಅನ್ನುವುದು ನಮ್ಮ ಸಲಹೆ. ನಿಮ್ಮ ನೆಲದಲ್ಲೇ ಹುಟ್ಟಿ ಬೆಳೆಯುವ ಗಿಡ, ಪೊದೆಗಳನ್ನು ಹಾಕೋಣ. ನಡುವೆ ಒಣ ಎಲೆ ಅಥವಾ ಮರದ ಚಕ್ಕೆಯನ್ನು 5ರಿಂದ 8 ಸೆಂಟಿಮೀಟರ್ ದಪ್ಪ ಹೊದಿಸೋಣ. ಮರದ ಕಾಂಡಕ್ಕೆ ಮಾತ್ರ ತಾಗಿಸಬಾರದು. ತೊಗಟೆ ಸದಾ ಒದ್ದೆಯಾಗಿದ್ದರೆ ಕೊಳೆಯುತ್ತದೆ. ನಾವೇ ಕೆಲವು ಮನೆಗಳಲ್ಲಿ ಕಾಂಡದ ಸುತ್ತ ಗುಡ್ಡ ಮಾಡಿ ಇಟ್ಟಿದ್ದೇವೆ. ಈ ಸಲ ಬಂದಾಗ ಅವನ್ನೆಲ್ಲ ಬಿಡಿಸುತ್ತೇವೆ.

ಪೆಟ್ರೋಲ್ ಯಂತ್ರಗಳನ್ನು ಒಂದೊಂದಾಗಿ ಬಿಟ್ಟು ಬ್ಯಾಟರಿ ಯಂತ್ರಕ್ಕೆ ಹೋಗುತ್ತಿದ್ದೇವೆ. ಹೊಗೆ, ಸದ್ದು ಎರಡೂ ಕಡಿಮೆಯಾಗುತ್ತವೆ. ದಿನವಿಡೀ ಯಂತ್ರವನ್ನು ಕೈಯಲ್ಲಿ ಹಿಡಿದು ಆ ಹೊಗೆ ಉಸಿರಾಡುವವರು ನಮ್ಮ ಕೆಲಸಗಾರರು, ಅವರಿಗೆ ಇದು ತುಂಬಾ ದಿನದಿಂದ ಬೇಕಾಗಿತ್ತು. ಎಲ್ಲ ಯಂತ್ರ ಬದಲಾಗುವ ತನಕ ಕೆಲವು ಮನೆಗಳಿಗೆ ಹಳೆಯದೇ ಬರುತ್ತದೆ.

ಈಗ ನಿಮಗೆ ಕಾಣುವ ಬದಲಾವಣೆ. ಮೊದಲ ಕೆಲವು ತಿಂಗಳು ಲಾನ್ ಮೊದಲಿನಷ್ಟು ಕಡುಹಸಿರು ಇರುವುದಿಲ್ಲ. ಅಲ್ಲಲ್ಲಿ ತೇಪೆ ಕಾಣಬಹುದು. ಗೊಬ್ಬರದ ರೂಢಿಗೆ ಬಿದ್ದ ಹುಲ್ಲು ಬೇರು ಬಿಡೋಕೆ ಸಮಯ ಬೇಕು. ಒಂದು ವರ್ಷ ಕೊಡಿ ಅಂತ ಕೇಳುತ್ತಿದ್ದೇವೆ. ಹುಲ್ಲು ನಿಧಾನವಾಗಿ ಬೆಳೆಯುವ ತಿಂಗಳಲ್ಲಿ ನಮ್ಮ ಭೇಟಿ ಕಡಿಮೆಯಾಗುತ್ತದೆ, ನಾವು ಬಾರದ ದಿನಕ್ಕೆ ಬಿಲ್ ಹಾಕುವುದಿಲ್ಲ. ಔಷಧಿ, ಗೊಬ್ಬರದ ಸಾಲುಗಳು ಬಿಲ್‌ನಿಂದ ಹೋಗುತ್ತವೆ. ಕಾಂಪೋಸ್ಟ್ ಸಾಲು ಹೊಸದಾಗಿ ಬರುತ್ತದೆ, ನಿಮ್ಮನ್ನು ಕೇಳಿಯೇ ಹಾಕುತ್ತೇವೆ. ಇದೆಲ್ಲ ಬೇಡ, ಹಳೇ ರೀತಿಯೇ ಬೇಕು ಅನ್ನುವವರು ದಯವಿಟ್ಟು ತಿಳಿಸಿ. ನಿಮ್ಮ ಬಾಕಿ ಲೆಕ್ಕ ಚುಕ್ತಾ ಮಾಡಿ, ಮುಂಗಡ ಕೊಟ್ಟಿದ್ದರೆ ವಾಪಸ್ ಕೊಡುತ್ತೇವೆ. ಅದರಲ್ಲಿ ನಮಗೆ ಬೇಸರವಿಲ್ಲ. ಆದರೆ ಔಷಧಿ ಹೊಡೆಯುವ ಕೆಲಸ ಮಾತ್ರ ಇನ್ನು ನಮ್ಮಿಂದ ಆಗುವುದಿಲ್ಲ.

ಮುಂದಿನ ಭೇಟಿಯಲ್ಲಿ ಮೊದಲು ನಿಮ್ಮ ಲಾನ್‌ನಿಂದ ಒಂದು ಹೆಂಟೆ ಮಣ್ಣು ಎತ್ತುತ್ತೇವೆ. ಆ ಹೊತ್ತಿಗೆ ಸಾಧ್ಯವಾದರೆ ಹೊರಗೆ ಬನ್ನಿ, ಬೇರು ಎಲ್ಲಿಯ ತನಕ ಇದೆ ಅಂತ ಒಟ್ಟಿಗೆ ಅಳೆದು ಬರೆದಿಡೋಣ. ನೋಡಿದ ಮೇಲೆ ಹೆಂಟೆಯನ್ನು ಅದೇ ಜಾಗದಲ್ಲಿ ಕೂರಿಸಿ, ತುಳಿದು, ನೀರು ಹಾಕಿ ಹೋಗುತ್ತೇವೆ. ಅಲ್ಲಿಯವರೆಗೆ ಒಂದು ಖಾಲಿ ಡಬ್ಬಿಯನ್ನು ಸ್ಪ್ರಿಂಕ್ಲರ್ ಕೆಳಗೆ ಇಟ್ಟು, ಅರ್ಧ ಗಂಟೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ ಅಂತ ಸ್ಕೇಲ್‌ನಲ್ಲಿ ಅಳೆದಿಡಿ. ಆ ಲೆಕ್ಕ ಸಿಕ್ಕರೆ ನೀರಿನ ಸಮಯವನ್ನು ಅವತ್ತೇ ಕೂತು ಹೊಂದಿಸಿಕೊಡುತ್ತೇವೆ.

ಇಂತಿ ನಿಮ್ಮ,
ತೋಟ ಆರೈಕೆ ಸಹಕಾರಿ ಸಂಘದ ಸದಸ್ಯರು ಮತ್ತು ಕೆಲಸಗಾರರು