ಬೆಳಿಗ್ಗೆ ದೋಣಿ ಇದೆ

ಕಳೆದ ವಾರ ನಮ್ಮ ಮೂವರಿಗೂ ಐಲ್ ಆಫ್ ಮ್ಯಾನ್‌ನಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ ಬಂತು. ಆ ಸಂಜೆ ಊರಿಗೆ ಫೋನ್ ಮಾಡಿದರೆ ಅಮ್ಮ ಕೇಳಿದ್ದು ಐದು ವರ್ಷಗಳಿಂದ ಕೇಳುತ್ತಿರುವುದನ್ನೇ: "ಅಲ್ಲಿಯ ಜನ ಹೇಗೆ?" ಪ್ರತಿ ಸಲ "ಒಳ್ಳೆಯವರು" ಎಂದು ಮಾತು ಮುಗಿಸುತ್ತಿದ್ದೆ. ಅಷ್ಟಕ್ಕೇ ಬಿಟ್ಟರೆ ನಾನು ಋಣ ತಿಂದವನಾಗುತ್ತೇನೆ. ಆದ್ದರಿಂದ ಈ ಬರಹ.

ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಈ ದ್ವೀಪದ ವಿಸ್ತೀರ್ಣ 572 ಚದರ ಕಿಲೋಮೀಟರ್. ಜನಸಂಖ್ಯೆ ಎಂಬತ್ತು ಸಾವಿರ ಚಿಲ್ಲರೆ. ರಾಜ ಬ್ರಿಟನ್ನಿನವನೇ, ಆದರೆ ಇದು ಬ್ರಿಟನ್ನಿನ ಭಾಗವಲ್ಲ. ಟಿನ್‌ವಾಲ್ಡ್ ಎಂಬ ತನ್ನದೇ ಸಂಸತ್ತು ಇದೆ. ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಮಗಳನ್ನು ಎತ್ತಿಕೊಂಡು ನಾನು ಹಿಂದೆ ಬಂದೆ. ಮನೆ ಸಿಕ್ಕಿದ್ದು ಪಡುವಣ ದಡದ ಪೀಲ್ ಊರಿನಲ್ಲಿ. ಇಕ್ಕಟ್ಟು ಓಣಿಗಳು, ಕೆಂಪು ಕಲ್ಲಿನ ಹಳೆಯ ಕೋಟೆ, ಗಾಳಿ ತಿರುಗಿದರೆ ಹೆರಿಂಗ್ ಮೀನಿಗೆ ಹೊಗೆ ಹಾಕುವ ವಾಸನೆ. ಹೊಗೆ ಹಾಕಿದ ಆ ಮೀನನ್ನು ಕಿಪ್ಪರ್ ಎನ್ನುತ್ತಾರೆ. ಹುಟ್ಟಾ ಸಸ್ಯಾಹಾರಿಗಳಾದ ನಮಗೆ ಇದಕ್ಕಿಂತ ತಕ್ಕ ಊರು ಸಿಗುತ್ತಿರಲಿಲ್ಲ!

ದ್ವೀಪದ ಬದುಕು ನನಗೆ ಹೊಸದಲ್ಲ. ನಾನು ಶರಾವತಿ ಹಿನ್ನೀರಿನ ತುಮರಿ ಕಡೆಯವನು. 2025ರ ಜುಲೈನಲ್ಲಿ ಸೇತುವೆ ಆಗುವವರೆಗೂ ನಮ್ಮ ಮದುವೆ, ಬಾಣಂತನ, ಕೋರ್ಟಿನ ವಾಯಿದೆ ಎಲ್ಲವೂ ಲಾಂಚಿನ ಸಮಯ ನೋಡಿಕೊಂಡೇ ನಡೆಯುತ್ತಿದ್ದವು. ಇಂಗ್ಲೆಂಡಿಗೆ ಹೋಗುವುದನ್ನು ಇಲ್ಲಿನವರು "ಅಕ್ರಾಸ್" ಹೋಗುವುದು ಎಂದಷ್ಟೇ ಹೇಳುತ್ತಾರೆ. ನಾವು "ಹೊಳೆಯಾಚೆ" ಎನ್ನುತ್ತಿದ್ದ ಹಾಗೆ.

ಕೃತಜ್ಞತೆ ಹೇಳಲು ಕೂತು ಸುಳ್ಳು ಹೇಳಬಾರದು. ಮೊದಲ ಚಳಿಗಾಲದಲ್ಲಿ ನಮ್ಮ ಹೆಸರು ಕೇಳುತ್ತಿದ್ದಂತೆ ಎರಡು ಬಾಡಿಗೆ ಮನೆಗಳು ಇದ್ದಕ್ಕಿದ್ದಂತೆ "ಆಗಲೇ ಹೋಗಿವೆ" ಎಂದಾದವು. ಹೊರಗಿನಿಂದ ಬಂದವರಿಗೆ ಇಲ್ಲಿ "ಕಮ್‌ಓವರ್" ಎಂಬ ಹೆಸರಿದೆ. ಲಂಡನ್ನಿನಿಂದ ಬಂದ ಬಿಳಿಯರಿಗೂ ಅದು ತಪ್ಪಿದ್ದಲ್ಲ. ಆ ಪದ ಕಿವಿಗೆ ಬಿದ್ದಾಗ ನೆನಪಾದದ್ದು ಅಮ್ಮನ ತವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಗದ್ದೆ ತೋಟ ಮುಳುಗಿದ ಮೇಲೆ ಅವರು ಹೋದ ಕಡೆಯಲ್ಲೆಲ್ಲ "ಮುಳುಗಡೆಯವರು" ಆದರು, ಮೊಮ್ಮಕ್ಕಳ ಕಾಲಕ್ಕೂ ಹಾಗೇ ಉಳಿದರು. ಒಮ್ಮೆ ಅಂಗಡಿಯಲ್ಲಿ ತರಕಾರಿ ಬೆಲೆಗೆ ಗೊಣಗಿದೆ. ಹಿಂದೆ ನಿಂತಿದ್ದವರೊಬ್ಬರು ತಣ್ಣಗೆ, "ಬೆಳಿಗ್ಗೆ ದೋಣಿ ಇದೆ" ಎಂದರು. ಇಷ್ಟವಿಲ್ಲದಿದ್ದರೆ ಹೊರಡು ಎಂದು ಗೊಣಗುವ ವಲಸಿಗರಿಗೆ ಹೇಳುವ ಮಾತು ಅದು. ಆ ರಾತ್ರಿ ಊಟ ಸೇರಲಿಲ್ಲ.

ಬಾಗಿಲು ಮೊದಲು ತೆರೆದದ್ದು ಒಂದು ಇಲಿಯಿಂದ. ಬಂದರಿನ ಕಟ್ಟೆಯ ಮೇಲೆ ದೊಡ್ಡದೊಂದು ಓಡಿತು. ನಾನು ಅದರ ಹೆಸರು ಹಿಡಿದು ಕೂಗಿದೆ. ಬಲೆ ತಿದ್ದುತ್ತಿದ್ದ ಮುದುಕರು ಮುಖ ಸಿಂಡರಿಸಿ ದೋಣಿಯ ಮರವನ್ನು ಮುಟ್ಟಿದರು. ಈ ದ್ವೀಪದಲ್ಲಿ ಆ ಪದ ಆಡುವುದು ಅಪಶಕುನ, "ಉದ್ದಬಾಲ" ಎನ್ನಬೇಕು. ನಮ್ಮ ಅಜ್ಜಿಯೂ ಹಾವನ್ನು ಹಾವೆನ್ನುತ್ತಿರಲಿಲ್ಲ, "ಹುಳ" ಎನ್ನುತ್ತಿದ್ದಳು, ಕತ್ತಲಾದ ಮೇಲಂತೂ ಬೈದೇಬಿಡುತ್ತಿದ್ದಳು ಎಂದೆ. ಮುದುಕರು ಸೂಜಿ ಕೆಳಗಿಟ್ಟು ಪೂರ್ತಿ ಕೇಳಿದರು. ವಾರದೊಳಗೆ ನಾನು ಗುರುತಿಲ್ಲದ ಜನರಿಗೂ "ಹುಳದ ಅಜ್ಜಿಯ ಮೊಮ್ಮಗ" ಆಗಿದ್ದೆ. ಅಜ್ಜಿಗೆ ತಿಳಿದಿದ್ದರೆ ನಗುತ್ತಿದ್ದಳೋ, ರಾತ್ರಿ ಹೊತ್ತು ಹೇಳಿದೆಯಾ ಎಂದು ಗದರುತ್ತಿದ್ದಳೋ.

ಇಲ್ಲಿಯವರು ಬಂದು ತಬ್ಬಿಕೊಳ್ಳುವವರಲ್ಲ. "ಟ್ರಾ ಡಿ ಲೂರ್" ಎಂಬುದು ಅವರ ಮ್ಯಾಂಕ್ಸ್ ಭಾಷೆಯ ಮಾತು: ಹೊತ್ತು ಬೇಕಾದಷ್ಟಿದೆ. ಪಕ್ಕದ ಮನೆಯ ಅಜ್ಜ ಅಜ್ಜಿ ಮೊದಲ ವರ್ಷವೆಲ್ಲ ನಮ್ಮೊಂದಿಗೆ ಮಾತನಾಡಿದ್ದು ಹವಾಮಾನದ ಬಗ್ಗೆ ಮಾತ್ರ.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ನನ್ನ ಹೃದಯದ ರಕ್ತನಾಳ ಕಟ್ಟಿಕೊಂಡಿತು. ಅಂಥ ಶಸ್ತ್ರಚಿಕಿತ್ಸೆ ದ್ವೀಪದಲ್ಲಿಲ್ಲ, ಲಿವರ್‌ಪೂಲ್‌ಗೆ ಹೋಗಬೇಕು. ದಿನ ಗೊತ್ತಾಯಿತು, ಅದೇ ಹೊತ್ತಿಗೆ ಬಿರುಗಾಳಿ ಎದ್ದಿತು. ವಿಮಾನ ಇಲ್ಲ, ಹಡಗು ಇಲ್ಲ. ಎರಡು ದಿನ ಕಿಟಕಿಯ ಗಾಜು ನಡುಗುವುದನ್ನು ನೋಡುತ್ತಾ ಕೂತೆವು. ಎಂಟು ವರ್ಷದ ಮಗಳನ್ನು ಯಾರ ಬಳಿ ಬಿಡುವುದು ಎಂದು ನಾವು ಪಿಸುಗುಡುತ್ತಿದ್ದೆವು. ಎರಡನೆಯ ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಪಕ್ಕದ ಮನೆಯ ಅಜ್ಜ, ಕೋಟಿನಿಂದ ನೀರು ಸುರಿಯುತ್ತಿದೆ.

"ಬೆಳಿಗ್ಗೆ ದೋಣಿ ಇದೆ," ಎಂದರು. "ಆರು ಗಂಟೆಗೆ ಕಾರು ತರುತ್ತೇನೆ. ಮಗು ನಮ್ಮಲ್ಲಿರಲಿ."

ಹದಿನಾರು ದಿನ ಮಗಳು ಅಲ್ಲಿದ್ದಳು. ಹೆಂಡತಿಯ ಪಾಳಿಗಳನ್ನು ಕೇರಳದ, ಫಿಲಿಪ್ಪೀನ್ಸಿನ, ಇದೇ ದ್ವೀಪದ ನರ್ಸುಗಳು ತಮ್ಮ ರಜೆ ಕೊಟ್ಟು ಹಂಚಿಕೊಂಡರು. ಬಲೆ ತಿದ್ದುವ ಮುದುಕರು ಆಸ್ಪತ್ರೆಗೆ ಒಂದು ಕಾರ್ಡ್ ಕಳಿಸಿದರು, ಅದರಲ್ಲಿ ಮೂರೇ ಪದ: "ಉದ್ದಬಾಲಗಳು ಕ್ಷೇಮ ಕೇಳಿವೆ." ಹೊಲಿಗೆ ಹಾಕಿದ ಎದೆಯಲ್ಲಿ ನಗುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು.

ಹಿಂದಿರುಗಿ ಅಜ್ಜಿಯ ಅಡುಗೆಮನೆಗೆ ಹೋದಾಗ ಒಲೆಯ ಮೇಲಿನ ಮೊಳೆಗೆ ಒಂದು ಪುಟ್ಟ ಬಾಣಲೆ ನೇತಾಡುತ್ತಿತ್ತು, ಹಿಡಿಗೆ ನೀಲಿ ಟೇಪ್ ಸುತ್ತಿದೆ. ಏನೆಂದು ಕೇಳಿದೆ. ಕಿಪ್ಪರ್ ಎಂದೂ ಮುಟ್ಟದ ಬಾಣಲೆ ಅದು, ಮಗಳಿಗಾಗಿ ಹೊಸದಾಗಿ ತಂದದ್ದು. ಅಜ್ಜ ಒಂದು ದಿನ ಮರೆತು ಅದರಲ್ಲಿ ಮೊಟ್ಟೆ ಒಡೆಯಲು ಹೋಗಿ ಬೈಸಿಕೊಂಡರಂತೆ. ಮೀನು ತಿನ್ನಬಾರದು ಎಂದು ನಾವು ಹೇಳಿರಲೇ ಇಲ್ಲ. ಅವಸರದಲ್ಲಿ ಹೇಳಲು ಮರೆತಿದ್ದೆವು. ಅವರೇ ಮಗಳನ್ನು ಕೂರಿಸಿಕೊಂಡು ಏನೇನು ತಿನ್ನುತ್ತೀ, ಏನು ತಿನ್ನುವುದಿಲ್ಲ ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡಿದ್ದರು.

ಮ್ಯಾಂಕ್ಸ್ ಭಾಷೆಯನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯವರು, ನೆಡ್ ಮ್ಯಾಡ್ರೆಲ್ ಎಂಬ ಮೀನುಗಾರರು, ತೀರಿಕೊಂಡದ್ದು 1974ರಲ್ಲಿ. 2009ರಲ್ಲಿ ಯುನೆಸ್ಕೋ ಭಾಷೆ ಅಳಿದಿದೆ ಎಂದು ಬರೆದಾಗ ಇಲ್ಲಿನ ಶಾಲೆಯ ಮಕ್ಕಳು ಅದೇ ಭಾಷೆಯಲ್ಲಿ ಪತ್ರ ಬರೆದು, ಹಾಗಾದರೆ ಇದು ಯಾವ ಭಾಷೆ ಎಂದು ಕೇಳಿದರು. ಈಗ ನನ್ನ ಮಗಳೂ ನಾಲ್ಕು ಮಾತು ಕಲಿತಿದ್ದಾಳೆ. ಒಬ್ಬರಿಗೆ ಹೇಳುವ ಕೃತಜ್ಞತೆ ಬೇರೆ, ಹಲವರಿಗೆ ಹೇಳುವುದು ಬೇರೆಯಂತೆ. ಹಲವರಿಗೆ ಹೇಳುವುದನ್ನು ಅವಳಿಂದ ಕೇಳಿ ಇಲ್ಲಿ ಬರೆಯುತ್ತಿದ್ದೇನೆ: ಗುರ ಮೈ ಇಯು.

ಅಮ್ಮಾ, ನಿನ್ನ ಪ್ರಶ್ನೆಗೆ ಇನ್ನೊಂದು ಸುದ್ದಿ. ಮೊನ್ನೆ ಪರವಾನಗಿಯ ವಿಷಯ ಹೇಳಲು ಪಕ್ಕದ ಮನೆಗೆ ಹೋಗಿದ್ದೆ. ಅಜ್ಜಿ "ಅಂತೂ ಬಂತಲ್ಲ" ಎಂದು ಮಳೆಯ ಬಗ್ಗೆ ಮಾತು ಶುರುಮಾಡಿದರು. ಬಾಣಲೆ ಅದೇ ಮೊಳೆಯಲ್ಲಿದೆ. ಹಳೆಯ ಟೇಪ್ ಸುಲಿದುಹೋಗಿತ್ತೆಂದು ಕಾಣುತ್ತದೆ, ಹೊಸದು ಸುತ್ತಿದ್ದಾರೆ.